ಉಮಾಗ್‌ನ ಕೆಂಪು ಮಣ್ಣನ್ನು ಬಿಟ್ಟುಕೊಡಬೇಡಿ

2025ರ ಫ್ರೆಂಚ್ ಓಪನ್ ಫೈನಲ್‌ನಲ್ಲಿ ಅಲ್ಕರಾಜ್ ಮತ್ತು ಸಿನ್ನರ್ 5 ಗಂಟೆ 29 ನಿಮಿಷ ಸೆಣಸಿದ್ದನ್ನು ಟೆನಿಸ್ ನೋಡದವರೂ ಮಾತಾಡಿಕೊಂಡರು. ಆದರೆ ಈ ಇಬ್ಬರು ಮೊದಲ ಬಾರಿ ಎಟಿಪಿ (ಪುರುಷರ ವೃತ್ತಿಪರ ಟೆನಿಸ್ ಸರಣಿ) ಫೈನಲ್‌ನಲ್ಲಿ ಎದುರಾದದ್ದು ಎಲ್ಲಿ ಎಂದು ಕೇಳಿ ನೋಡಿ, ಟೆನಿಸ್ ಹುಚ್ಚು ಹತ್ತಿಸಿಕೊಂಡವರೂ ತಲೆ ಕೆರೆದುಕೊಳ್ಳುತ್ತಾರೆ. ಅದು ಪ್ಯಾರಿಸ್ಸೂ ಅಲ್ಲ, ಲಂಡನ್ನೂ ಅಲ್ಲ. 2022ರ ಜುಲೈ ಕೊನೆಗೆ, ಕ್ರೊಯೇಷಿಯಾದ ಉಮಾಗ್ ಎಂಬ ಕಡಲತೀರದ ಪುಟ್ಟ ಊರಿನಲ್ಲಿ. ಮೊದಲ ಸೆಟ್ಟನ್ನು ಟೈಬ್ರೇಕರ್‌ನಲ್ಲಿ ಕಳೆದುಕೊಂಡ ಸಿನ್ನರ್ ಮುಂದಿನ ಎರಡನ್ನೂ 6-1, 6-1ರಲ್ಲಿ ಬಾಚಿಕೊಂಡ. ಮಣ್ಣಿನ ಅಂಕಣದಲ್ಲಿ ಅವನಿಗೆ ಅದೇ ಚೊಚ್ಚಲ ಪ್ರಶಸ್ತಿ. ಸೋತ ಅಲ್ಕರಾಜ್ ಅದರ ಹಿಂದಿನ ವರ್ಷ ಹದಿನೆಂಟರ ಹುಡುಗನಾಗಿ ತನ್ನ ಮೊಟ್ಟಮೊದಲ ಎಟಿಪಿ ಪ್ರಶಸ್ತಿ ಗೆದ್ದದ್ದೂ ಇದೇ ಅಂಕಣದಲ್ಲಿ, ರಿಷಾರ್ ಗಾಸ್ಕೆ ವಿರುದ್ಧ.

ಇಂಥ ಟೂರ್ನಿಗಳನ್ನು "250" ಎಂಬ ಅಂಕಿಯಿಂದ ಕರೆಯುವುದು ರೂಢಿ. ಗೆದ್ದವನಿಗೆ ಸಿಗುವುದು 250 ಅಂಕ. ಗ್ರ್ಯಾನ್‌ಸ್ಲಾಮ್ ಗೆದ್ದರೆ 2000. ಅಲ್ಲಿಗೆ ಇದರ ಯೋಗ್ಯತೆ ಎಂಟರಲ್ಲಿ ಒಂದು ಪಾಲು ಎಂದು ಲೆಕ್ಕ ಹಾಕುವವರಿದ್ದಾರೆ. ನನ್ನ ತಕರಾರು ಈ ಲೆಕ್ಕದ ಮೇಲೆಯೇ.

ಉಮಾಗ್ ಇರುವುದು ಇಸ್ಟ್ರಿಯಾ ಪರ್ಯಾಯ ದ್ವೀಪದಲ್ಲಿ, ಸ್ಲೊವೇನಿಯಾದ ಗಡಿಗೆ ತಾಗಿಕೊಂಡಂತೆ. ಇಟಲಿಯೂ ದೂರವಿಲ್ಲ, ಊರಿನ ಬೋರ್ಡುಗಳಲ್ಲಿ ಕ್ರೊಯೇಷಿಯನ್ ಜೊತೆಗೆ ಇಟಾಲಿಯನ್ ಕೂಡ ಇರುತ್ತದೆ. ಟೂರ್ನಿ ಶುರುವಾದದ್ದು 1990ರ ಮೇ ತಿಂಗಳಲ್ಲಿ, ಆಗ ಅದು ಯುಗೊಸ್ಲಾವ್ ಓಪನ್. ಮೊದಲ ಫೈನಲ್ ಇಬ್ಬರು ಗೊರಾನ್‌ಗಳ ನಡುವೆ. ಗೊರಾನ್ ಪ್ರಪಿಚ್ ಗೆದ್ದ, ಗೊರಾನ್ ಇವಾನಿಸೆವಿಚ್ ಸೋತ. ಮುಂದೆ ವಿಂಬಲ್ಡನ್ ಗೆದ್ದ ಇವಾನಿಸೆವಿಚ್‌ಗೆ ತನ್ನ ದೇಶದ ಈ ಟೂರ್ನಿಯ ಸಿಂಗಲ್ಸ್ ಪ್ರಶಸ್ತಿ ಕೊನೆಗೂ ದಕ್ಕಲಿಲ್ಲ. ಇಂದು ಅಲ್ಲಿನ ಮುಖ್ಯ ಕ್ರೀಡಾಂಗಣಕ್ಕೆ ಮಾತ್ರ ಅವನದೇ ಹೆಸರು!

ಎರಡನೇ ವರ್ಷದ ಕಥೆ ಇನ್ನೂ ವಿಚಿತ್ರ. 1991ರಲ್ಲಿ ಗೆದ್ದವನು ದಿಮಿತ್ರಿ ಪೊಲ್ಯಾಕೊವ್, ಸೋವಿಯತ್ ಒಕ್ಕೂಟದ ಆಟಗಾರ. ಟೂರ್ನಿ ಮುಗಿದ ಕೆಲವೇ ವಾರಗಳಲ್ಲಿ, ಜೂನ್ 25ರಂದು, ಕ್ರೊಯೇಷಿಯಾ ಸ್ವಾತಂತ್ರ್ಯ ಘೋಷಿಸಿತು, ಯುದ್ಧ ಹೊತ್ತಿಕೊಂಡಿತು. ಡಿಸೆಂಬರ್‌ನಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಆಡಿಸಿದ ದೇಶ ಒಡೆಯಿತು, ಗೆದ್ದವನ ದೇಶವೂ ಒಡೆಯಿತು, ಟೂರ್ನಿ ಮಾತ್ರ ಉಳಿಯಿತು. ಇಸ್ಟ್ರಿಯಾ ರಣರಂಗದಿಂದ ದೂರವಿತ್ತು ನಿಜ. ಆದರೂ ದೇಶದ ಬೇರೆ ಭಾಗಗಳಲ್ಲಿ ಗುಂಡು ಹಾರುತ್ತಿದ್ದ ಕಾಲದಲ್ಲಿ ವಿದೇಶಿ ಆಟಗಾರರನ್ನು ಕರೆಸಿ, ಅಂಕಣ ಸಿದ್ಧಪಡಿಸಿ, 1992ರಲ್ಲಿ ಟೂರ್ನಿ ನಡೆಸಿದವರ ಗಟ್ಟಿತನ ಸಾಮಾನ್ಯದ್ದಲ್ಲ. ಆ ವರ್ಷ ಗೆದ್ದವನು ಆಸ್ಟ್ರಿಯಾದ ಥಾಮಸ್ ಮುಸ್ಟರ್. ಕುಡಿದು ಕಾರು ಓಡಿಸಿದವನೊಬ್ಬನಿಂದಾಗಿ 1989ರಲ್ಲಿ ಮಂಡಿಯ ಅಸ್ಥಿರಜ್ಜು ಹರಿದುಕೊಂಡು, ಕುರ್ಚಿಯಲ್ಲಿ ಕೂತೇ ಚೆಂಡು ಹೊಡೆದು ಅಭ್ಯಾಸ ಮಾಡಿದವನು. 1993 ಮತ್ತು 1995ರಲ್ಲೂ ಅವನೇ ಗೆದ್ದ. ಆ ವರ್ಷಗಳ ಉಮಾಗ್‌ಗೆ ಅವನಿಗಿಂತ ಒಪ್ಪುವ ಚಾಂಪಿಯನ್ ಬೇಕಿರಲಿಲ್ಲ.

ನಂತರ ಕಾರ್ಲೋಸ್ ಮೋಯಾ ಐದು ಬಾರಿ ಗೆದ್ದ, ಅದರಲ್ಲಿ 2001ರಿಂದ ಸತತ ಮೂರು. 2003ರಲ್ಲಿ ಇಲ್ಲಿಗೆ ಬಂದ ಹದಿನೇಳರ ನಡಾಲ್ ಸೆಮಿಫೈನಲ್ ತಲುಪಿ ಅದೇ ಮೋಯಾಗೆ ಸೋತ. ಡಬಲ್ಸ್‌ನಲ್ಲಿ ಅಲೆಕ್ಸ್ ಲೋಪೆಸ್ ಮೊರೊನ್ ಜೊತೆಗೂಡಿ ಗೆದ್ದ. ನಡಾಲ್‌ನ ಮೊದಲ ಎಟಿಪಿ ಪ್ರಶಸ್ತಿ ಅದು. ಮುಂದೆ ಮೋಯಾ ಅವನ ಕೋಚ್ ಆದ. 2010ರಲ್ಲಿ ಇಲ್ಲಿ ಗೆದ್ದ ಹುವಾನ್ ಕಾರ್ಲೋಸ್ ಫೆರೆರೊ, ಹನ್ನೊಂದು ವರ್ಷಗಳ ನಂತರ ಇಲ್ಲೇ ಗೆದ್ದ ಅಲ್ಕರಾಜ್‌ನ ಕೋಚ್ ಆಗಿದ್ದ. 2006ರ ಫೈನಲ್‌ನಲ್ಲಿ ಜೊಕೊವಿಚ್ ಮೊದಲ ಸೆಟ್ಟಿನ ಟೈಬ್ರೇಕರ್ ನಡುವೆ ಉಸಿರಾಟದ ತೊಂದರೆಯಿಂದ ಕುಸಿದು ಆಟ ಬಿಟ್ಟುಕೊಟ್ಟ. ಪ್ರಶಸ್ತಿ ಸಿಕ್ಕಿದ್ದು ಇಪ್ಪತ್ತೊಂದರ ವಾವ್ರಿಂಕಾಗೆ, ಅದು ಅವನ ಮೊದಲನೆಯದು. ಅದೇ ವಾವ್ರಿಂಕಾ 2023ರಲ್ಲಿ, ಮೂವತ್ತೆಂಟರ ವಯಸ್ಸಿನಲ್ಲಿ, ಮತ್ತೆ ಇಲ್ಲಿ ಫೈನಲ್‌ಗೆ ಬಂದ. ಮೊದಲ ಸೆಟ್ ಗೆದ್ದೂ ಪೊಪಿರಿನ್‌ಗೆ ಸೋತ. ಯಾವ ದೊಡ್ಡ ಟೂರ್ನಿಯಲ್ಲೂ ಅವನಿಗೆ ಆ ವಯಸ್ಸಿನಲ್ಲಿ ಇಷ್ಟು ಜಾಗ ಸಿಗುತ್ತಿರಲಿಲ್ಲ ಎಂದೇ ನನ್ನ ಅಂದಾಜು.

"ವಿಂಬಲ್ಡನ್ ಮುಗಿದ ಮೇಲೆ ಮಣ್ಣಿನಲ್ಲಿ ಏನು ಕೆಲಸ? ಯುಎಸ್ ಓಪನ್‌ಗೆ ಗಟ್ಟಿ ಅಂಕಣದಲ್ಲಿ ಅಭ್ಯಾಸ ಮಾಡಬಾರದೆ?" ಎಂಬ ಪ್ರಶ್ನೆ ಪ್ರತಿ ಜುಲೈನಲ್ಲೂ ಏಳುತ್ತದೆ. ಪ್ರಶ್ನೆ ತಪ್ಪೇನಲ್ಲ. ಮೇಲಿನ ಹತ್ತು ಶ್ರೇಯಾಂಕದವರಲ್ಲಿ ಹೆಚ್ಚಿನವರು ಉಮಾಗ್ ನಡೆಯುವ ವಾರ ಅತ್ತ ತಲೆ ಹಾಕುವುದಿಲ್ಲ. ಆದರೆ ಟೆನಿಸ್ ಹತ್ತು ಜನರ ಆಟವೇ? ಐವತ್ತು, ಎಂಬತ್ತು, ನೂರಿಪ್ಪತ್ತನೆಯ ಸ್ಥಾನದಲ್ಲಿರುವವನಿಗೆ ವರ್ಷದ ಬಾಡಿಗೆ, ಕೋಚ್‌ನ ಸಂಬಳ ಹುಟ್ಟುವುದು ಇಂಥ ವಾರಗಳಲ್ಲಿ. ಇತ್ತ ಗೆದ್ದವನಿಗೆ 1000 ಅಂಕ ಕೊಡುವ ದೊಡ್ಡ ಟೂರ್ನಿಗಳಾದ ಮ್ಯಾಡ್ರಿಡ್, ರೋಮ್‌ಗಳು 2023ರಿಂದ, ಕೆನಡಾ, ಸಿನ್ಸಿನಾಟಿಗಳು 2025ರಿಂದ ಹನ್ನೆರಡು ದಿನಗಳಿಗೆ ಹಿಗ್ಗಿವೆ. ಅವುಗಳಿಗೆ ಜಾಗ ಎಲ್ಲಿಂದ ಬರಬೇಕು? ಉಮಾಗ್‌ನಂಥ 250ರ ಟೂರ್ನಿಗಳಲ್ಲಿ ಲಿಯಾನ್ ಹೋಯಿತು, ಕೊರ್ಡೊಬ ಹೋಯಿತು, ಅಟ್ಲಾಂಟಾ ಹೋಯಿತು. ದೊಡ್ಡವರ ಊಟಕ್ಕೆ ಸಣ್ಣವರ ಎಲೆ ಎತ್ತುವ ಈ ವ್ಯವಹಾರಕ್ಕೆ ಸುಧಾರಣೆ ಎಂದು ಹೆಸರಿಟ್ಟಿದ್ದಾರೆ.

ಒಮ್ಮೆ ಕಳೆದುಕೊಂಡರೆ ಮತ್ತೆ ಸಿಗುವುದಿಲ್ಲ ಎಂಬುದು ಬೆಂಗಳೂರಿನವರಿಗೆ ಗೊತ್ತಿರಬೇಕು. 2008ರ ಮಾರ್ಚ್‌ನಲ್ಲಿ ಕಬ್ಬನ್ ಪಾರ್ಕ್‌ನ ಅಂಕಣದಲ್ಲಿ ಸೆರೆನಾ ಮತ್ತು ವೀನಸ್ ಸೆಮಿಫೈನಲ್ ಆಡಿದ್ದರು. ಸೆರೆನಾ ಪ್ರಶಸ್ತಿ ಗೆದ್ದಳು. ಮಹಿಳೆಯರ ಆ ಡಬ್ಲ್ಯುಟಿಎ ಟೂರ್ನಿಗೆ ಅದೇ ಕೊನೆಯ ವರ್ಷವಾಯಿತು. ಅದೇ ವರ್ಷ ಮುಂಬೈನಿಂದ ಬೆಂಗಳೂರಿಗೆ ಬರಬೇಕಿದ್ದ ಪುರುಷರ ಎಟಿಪಿ ಟೂರ್ನಿ ಭದ್ರತೆಯ ಕಾರಣಕ್ಕೆ ರದ್ದಾಯಿತು. ಚೆನ್ನೈನಿಂದ ಪುಣೆಗೆ ಹೋಗಿದ್ದ ಟೂರ್ನಿಯೂ 2023ರ ಜನವರಿಗೆ ಮುಗಿಯಿತು. ಈಗ ಭಾರತದಲ್ಲಿ ಆ ಮಟ್ಟದ ಪುರುಷರ ಟೂರ್ನಿ ಒಂದೂ ಇಲ್ಲ. 2017ರಲ್ಲಿ ಬೆಂಗಳೂರು ಚಾಲೆಂಜರ್ (250ಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಟೂರ್ನಿ) ಗೆದ್ದ ಸುಮಿತ್ ನಾಗಲ್ ಮಣ್ಣಿನಲ್ಲಿ ಗೆದ್ದ ಚಾಲೆಂಜರ್‌ಗಳೆಲ್ಲ ಬ್ಯೂನಸ್ ಐರಿಸ್, ರೋಮ್, ಟ್ಯಾಂಪೆರೆ, ಹೈಲ್‌ಬ್ರಾನ್ ಎಂದು ಹೊರದೇಶಗಳಲ್ಲೇ.

ಉಮಾಗ್ ಉಳಿದದ್ದು ಅದು ಟೆನಿಸ್ ಮಾತ್ರ ಆಗಿರದ ಕಾರಣ. ಬಿಸಿಲು ಇಳಿದ ಮೇಲೆ ಮುಖ್ಯ ಪಂದ್ಯಗಳು ಶುರು. ಹೊರಗೆ ಸಂಗೀತ, ಇಸ್ಟ್ರಿಯಾದ ವೈನ್, ಆಲಿವ್ ಎಣ್ಣೆ, ಟ್ರಫಲ್ ಅಣಬೆಯ ಅಡುಗೆ. ಸೆಟ್ ಮುಗಿದಾಗ ಹುಡುಗರು ಬಲೆಯಂಥ ಚಾಪೆಗಳನ್ನು ಎಳೆಯುತ್ತ ಅಂಕಣದ ಸುತ್ತ ನಡೆಯುತ್ತಾರೆ, ಇನ್ನೊಬ್ಬ ಪೊರಕೆ ಹಿಡಿದು ಬಿಳಿ ಗೆರೆಗಳ ಮೇಲಿನ ಇಟ್ಟಿಗೆಪುಡಿ ಗುಡಿಸುತ್ತಾನೆ. ಟಿವಿಯವರು ಅಷ್ಟರಲ್ಲಿ ಜಾಹೀರಾತು ಹಾಕಿಬಿಡುತ್ತಾರೆ, ನನಗೋ ಅದನ್ನೇ ನೋಡುವ ಆಸೆ.

ನಮಗೆ ಸಮಯ ತುಸು ಕಷ್ಟದ್ದು. ಅಲ್ಲಿ ರಾತ್ರಿ ಎಂಟಕ್ಕೆ ಆರಂಭವಾದರೆ ಇಲ್ಲಿ ಹನ್ನೊಂದೂವರೆ. ಆದರೂ ಮುಂದಿನ ಜುಲೈನಲ್ಲಿ ಒಂದೆರಡು ರಾತ್ರಿ ನಿದ್ದೆಗೆಟ್ಟು ನೋಡಿ. ಅರ್ಹತಾ ಸುತ್ತನ್ನೂ ಬಿಡಬೇಡಿ. 2017ರಲ್ಲಿ ಆಂಡ್ರೆ ರುಬ್ಲೆವ್ ಅರ್ಹತಾ ಸುತ್ತಿನಲ್ಲೇ ಸೋತಿದ್ದ. ಯಾರೋ ಹಿಂದೆ ಸರಿದದ್ದರಿಂದ ಮುಖ್ಯ ಸುತ್ತಿಗೆ ಜಾಗ ಸಿಕ್ಕಿತು. ಆ ವಾರದ ಕೊನೆಗೆ ಕಪ್ ಎತ್ತಿದವನು ಅವನೇ.