ಕಾಲಿಗೂ ಬೊಬ್ಬೆ, ಬಾಯಲ್ಲೂ ಬೊಬ್ಬೆ

ಮಧ್ಯಾಹ್ನದ ಮೀಟಿಂಗಿನಲ್ಲಿ ತೂಕಡಿಸುತ್ತಾ ತಲೆ ಎರಡು ಸಲ ಕೆಳಗೆ ಬಾಗಿತು. ಅಷ್ಟೇ ನಾನು ಮಾಡಿದ ತಪ್ಪು. ಅದೇ ಹೊತ್ತಿಗೆ ಯಾರೋ, ಮಕ್ಕಳ ಚಿಕಿತ್ಸೆಗೆ ಹಣ ಕೂಡಿಸಲು 50 ಕಿಲೋಮೀಟರ್ ನಡಿಗೆ ಇದೆ, ಯಾರು ಬರ್ತೀರಿ ಎಂದು ಕೇಳುತ್ತಿದ್ದರಂತೆ. ಚಪ್ಪಾಳೆಯ ಸದ್ದಿಗೆ ಎಚ್ಚರವಾಯಿತು. ನಾನೂ ಚಪ್ಪಾಳೆ ತಟ್ಟಿದೆ. ಯಾರಿಗೆ ಅಂತ ಆಮೇಲೆ ಗೊತ್ತಾಯಿತು.

ಮನೆಗೆ ಬಂದು ಲೆಕ್ಕ ಹಾಕಿದೆ. ಗಂಟೆಗೆ 5 ಕಿಲೋಮೀಟರ್ ನಡೆದರೂ 10 ಗಂಟೆ ಬೇಕು. "ಹತ್ತು ಗಂಟೆ ನೀವು ಒಂದೇ ಸಮನೆ ಎಚ್ಚರ ಇದ್ದದ್ದನ್ನೇ ನಾನು ನೋಡಿಲ್ಲ ಕಣ್ರೀ" ಎಂದಳು ಹೆಂಡತಿ. ನನಗೆ ರೋಷ ಬಂತು. ರೋಷಕ್ಕೆ ನಡೆಯಲು ಹೊರಡುವವರು ಪಾಪ, ವಾಪಸ್ ಬರುವ ದಾರಿಯ ಬಗ್ಗೆ ಯೋಚಿಸುವುದಿಲ್ಲ.

ಹಿಂದೆ ಸರಿಯೋಣ ಅಂದರೆ ಅಷ್ಟರಲ್ಲಿ ದಾನಿಗಳ ಪಟ್ಟಿ ತಯಾರಾಗಿತ್ತು. ಒಬ್ಬರು "ನೀವು ನಡೀದಿದ್ರೂ ಪರವಾಗಿಲ್ಲ, ಕೊಡ್ತೀನಿ" ಎಂದರು. ಅವರ ಒಳ್ಳೆಯತನಕ್ಕಿಂತ ನನ್ನ ಮೇಲಿನ ಅವರ ಅಂದಾಜೇ ಮನಸ್ಸಿಗೆ ಚುಚ್ಚಿತು. ಎದುರು ಟೇಬಲ್ಲಿನ ಸಹೋದ್ಯೋಗಿ ಮಾತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿ, ಹೊಟ್ಟೆಯ ಹತ್ತಿರ ಸ್ವಲ್ಪ ಜಾಸ್ತಿ ಹೊತ್ತು ನಿಂತು, "ನಾನು ಕಿಲೋಮೀಟರಿಗೆ ಇಷ್ಟು ಅಂತ ಕೊಡ್ತೀನಿ ಸಾರ್" ಎಂದರು. ಹೇಳಿದ ಮೊತ್ತ ದೊಡ್ಡದೇ ಇತ್ತು. ನಾನು ನಾಲ್ಕನೇ ಕಿಲೋಮೀಟರಿಗೆ ಕೂತುಬಿಡುತ್ತೇನೆ ಎಂಬ ಭರವಸೆ ಇಲ್ಲದೆ ಯಾರೂ ಅಷ್ಟು ಹೇಳುವುದಿಲ್ಲ.

ಹುರಿದುಂಬಿಸಲು ಗೆಳೆಯನೊಬ್ಬ ಟ್ರೈಲ್‌ವಾಕರ್ ಎಂಬ ನಡಿಗೆಯ ಕಥೆ ಹೇಳಿದ. 1981ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಗೂರ್ಖಾ ಸೈನಿಕರ ತರಬೇತಿಯಾಗಿ ಶುರುವಾದದ್ದು. 100 ಕಿಲೋಮೀಟರ್, ಬೆಟ್ಟಗುಡ್ಡದ ದಾರಿ. ಆಮೇಲೆ ಅದೇ ದಾನಕ್ಕಾಗಿ ನಡೆಯುವ ನಡಿಗೆಯಾಯಿತಂತೆ. ಅಂದರೆ ಇದು ಮೊದಲಿಂದಲೂ ಸೈನಿಕರಿಗೆ ಮೀಸಲಾಗಿದ್ದ ಕಷ್ಟ. ಅವರಿಗಾದರೂ ಸಂಬಳ ಬರುತ್ತಿತ್ತು.

ದಿನಕ್ಕೆ 10,000 ಹೆಜ್ಜೆಯಿಂದ ಶುರು ಮಾಡಿದೆ. ಈ ಸಂಖ್ಯೆ ಹೆಸರಾದದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದಿಂದ. ಅದರ ಹೆಸರಿನ ಅರ್ಥವೇ ಹತ್ತು ಸಾವಿರ ಹೆಜ್ಜೆಯ ಮೀಟರ್. ಯಾವುದೋ ವೈದ್ಯರು ಬರೆದುಕೊಟ್ಟ ಚೀಟಿ ಅಂತ ನಾನು ಇಷ್ಟು ದಿನ ಭಯಭಕ್ತಿಯಿಂದ ನಂಬಿದ್ದೆ. ಅಷ್ಟು ನಡೆದರೂ ಸುಮಾರು 7 ಕಿಲೋಮೀಟರ್ ಅಷ್ಟೇ. 50ಕ್ಕೆ ಹತ್ತಿರಹತ್ತಿರ ಎಪ್ಪತ್ತು ಸಾವಿರ ಹೆಜ್ಜೆ ಎಂದು ತಿಳಿದ ದಿನ ಎಣಿಸುವುದನ್ನೇ ಬಿಟ್ಟೆ.

ಎರಡನೇ ಭಾನುವಾರ ಹುಮ್ಮಸ್ಸು ಜಾಸ್ತಿಯಾಗಿ ಒಂದೇ ದಿಕ್ಕಿಗೆ 9 ಕಿಲೋಮೀಟರ್ ನಡೆದೆ. ತಂಪು ಗಾಳಿ, ಹಗುರ ಕಾಲು, ಮುಖದಲ್ಲಿ ಗೆಲುವು. ಆಮೇಲೆ ನೆನಪಾಯಿತು, ಮನೆ ಅಲ್ಲೇ ಇದೆ, ನಾನು ಇಲ್ಲಿದ್ದೇನೆ. ತಿರುಗಿ ಒಂದು ಕಿಲೋಮೀಟರ್ ಬರುವಷ್ಟರಲ್ಲಿ ಮೀನಖಂಡ ಕಲ್ಲಾಯಿತು. ಬಂದ ಬಸ್ಸಿಗೆ ಕೈ ಅಡ್ಡ ಹಿಡಿದೆ. ಒಳಗೆ ಕಿಟಕಿ ಪಕ್ಕ ಕೂತಿದ್ದವರು ಯಾರು ಅಂತೀರಾ? ಅದೇ ಎದುರು ಟೇಬಲ್ಲಿನವರು. ನನ್ನ ಬೂಟು ನೋಡಿದರು, ಬೆವರು ನೋಡಿದರು, ಟಿಕೆಟ್ ನೋಡಿದರು. "ಬಸ್ಸಿನ ಕಿಲೋಮೀಟರಿಗೆ ನಾನು ಕೊಡಲ್ಲ ಸಾರ್" ಎಂದು ಪಕ್ಕದ ಸೀಟಿನಿಂದ ಚೀಲ ಎತ್ತಿ ಜಾಗ ಮಾಡಿಕೊಟ್ಟರು.

ಬೂಟಿನ ಕಥೆ ಬೇರೆಯೇ ಇದೆ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ, ಕಾಲಿಗೆ ಅಚ್ಚು ಹೊಯ್ದಂತಿದ್ದ ಜೋಡಿ ತಂದಿದ್ದೆ. ನಡೆಯುತ್ತಾ ಹೋದಂತೆ ಪಾದ ಊದುತ್ತದೆ, ಬೂಟು ಊದುವುದಿಲ್ಲ. ಅದಕ್ಕೇ ಸಂಜೆ ಹೊತ್ತು, ಕಾಲ್ಬೆರಳ ಮುಂದೆ ಕೈಯ ಹೆಬ್ಬೆರಳ ಅಗಲ ಜಾಗ ಬಿಟ್ಟು ಕೊಳ್ಳಬೇಕಂತೆ. ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ಹೆಬ್ಬೆರಳು ಹೋಗಿ ಮುಂದಕ್ಕೆ ಗುದ್ದಿತು. ಮೂರನೇ ದಿನಕ್ಕೆ ಉಗುರು ಕಪ್ಪಾಯಿತು. ಹತ್ತಿ ಕಾಲುಚೀಲ ಬೇರೆ ಬೆವರನ್ನೆಲ್ಲ ಕುಡಿದು ಅಲ್ಲೇ ಇಟ್ಟುಕೊಂಡಿತ್ತು. ಒದ್ದೆ ಚರ್ಮ ಉಜ್ಜಿ ಉಜ್ಜಿ ಹಿಮ್ಮಡಿಯಲ್ಲಿ ನಿಂಬೆಹಣ್ಣಿನಂಥ ಬೊಬ್ಬೆ ಎದ್ದಿತು. ಸರಿ, ದೊಡ್ಡ ಗೋಲಿಯಷ್ಟು ಅನ್ನಿ. ಕಾಲಿನ ಬೊಬ್ಬೆಗೂ ಬಾಯಿಯ ಬೊಬ್ಬೆಗೂ ಒಂದೇ ಹೆಸರಿಟ್ಟವರು ಖಂಡಿತ ಹೊಸ ಬೂಟಿನಲ್ಲಿ ನಡೆದವರೇ ಇರಬೇಕು. ಮೇಲಿನ ಚರ್ಮ ಕಿತ್ತರೆ ಅದರ ಕೆಳಗಿನ ಹಸಿ ಚರ್ಮಕ್ಕೆ ರಕ್ಷಣೆ ಇರುವುದಿಲ್ಲ ಎಂದು ಓದಿದ್ದೆ. ಓದಿದ್ದು ನೆನಪಾದದ್ದು ಕಿತ್ತಾದ ಮೇಲೆ.

ಉದ್ದದ ನಡಿಗೆಯ ಮಾರನೇ ದಿನ ಬೆಳಿಗ್ಗೆ ಅಷ್ಟೇನೂ ಅನ್ನಿಸುವುದಿಲ್ಲ. ನಾನು ಗಟ್ಟಿ ಆಳು ಅಂತ ಎರಡು ಮೂರು ಜನರಿಗೆ ಹೇಳಿಕೊಳ್ಳುವಷ್ಟು ಸಮಯ ಸಿಗುತ್ತದೆ. ನಿಜವಾದ ನೋವು ಬರುವುದು ಎರಡನೇ ದಿನ. ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದು ಕಷ್ಟ, ಯಾಕೆಂದರೆ ಇಳಿಯುವಾಗ ತೊಡೆಯ ಸ್ನಾಯು ಮೈಭಾರ ಹೊತ್ತುಕೊಂಡೇ ಹಿಗ್ಗಬೇಕು. ಹಾಗಾಗಿ ಆಫೀಸಿನ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆ. ಹತ್ತುತ್ತಾ ಬಂದ ಹೊಸ ಹುಡುಗಿಯೊಬ್ಬಳು, ಸಾರ್ ಮೇಲೆ ಹೋಗ್ತಿದ್ದಾರೋ ಕೆಳಗೋ ಅಂತ ತಿಳಿಯದೆ ಸುಮ್ನೆ ಗೋಡೆಗೆ ಒತ್ತಿ ನಿಂತಳು. ನಾನು ಗಂಭೀರವಾಗಿ ನಮಸ್ಕಾರ ಹೇಳಿದೆ.

ಆಮೇಲೆ ಬೂಟು ಬದಲಾಯಿತು, ಕಾಲುಚೀಲ ಬದಲಾಯಿತು, ವಾರ ವಾರ ಸ್ವಲ್ಪ ಸ್ವಲ್ಪ ಏರಿಸುತ್ತಾ ಹೇಗೋ 30 ಕಿಲೋಮೀಟರ್ ಮುಟ್ಟಿದೆ. ಸುದ್ದಿ ಆಫೀಸಿನಲ್ಲಿ ಹರಡಿತು. ಮಧ್ಯಾಹ್ನ ಎದುರು ಟೇಬಲ್ಲಿನವರು ನನ್ನ ಹತ್ತಿರ ಬಂದರು. ಕೈಯಲ್ಲಿ ಫೋನು, ಫೋನಿನಲ್ಲಿ ಕ್ಯಾಲ್ಕುಲೇಟರ್.

"ಸಾರ್, ಕಿಲೋಮೀಟರಿಗೆ ಅಂದಿದ್ದೆನಲ್ಲ... ಒಟ್ಟಿಗೆ ಇಷ್ಟು ಅಂತ ಮಾಡ್ಕೊಳೋಣ್ವಾ?"

ಎಷ್ಟು ವಾರದಿಂದ ಕಾಯುತ್ತಿದ್ದ ಗಳಿಗೆ! "ಅದೆಲ್ಲ ಆಗಲ್ಲ ಸಾರ್, ಕಿಲೋಮೀಟರ್ ಲೆಕ್ಕವೇ ಇರಲಿ" ಎಂದು ಠೀವಿಯಿಂದ ಎದ್ದು ನಿಂತೆ. ನಿಂತದ್ದೇ ತಡ, ಎಡಗಾಲು ಲಬಕ್ಕನೆ ಹಿಡಿದುಕೊಂಡಿತು. ಅಯ್ಯಯ್ಯೋ ಎನ್ನುತ್ತಾ ಕುರ್ಚಿಗೆ ಬಿದ್ದೆ.

ಅವರು ನನ್ನ ಕಾಲನ್ನೊಮ್ಮೆ ನೋಡಿ, ಫೋನನ್ನು ಜೇಬಿಗೆ ಹಾಕಿಕೊಂಡರು. "ಹಾಗಾದ್ರೆ ಅದೇ ಇರಲಿ ಬಿಡಿ ಸಾರ್" ಎಂದು ನೆಮ್ಮದಿಯಿಂದ ಹೋಗಿ ಕೂತರು.