ಮಳೆ ಬಂದರೆ ರಜೆ, ಬಾರದಿದ್ದರೆ ಸೋರುವುದಿಲ್ಲ

ನಮ್ಮೂರಿನ ಸರ್ಕಾರಿ ಪ್ರಾಥಮಿಕ ಶಾಲೆಯ ಮೂರನೇ ತರಗತಿಯಲ್ಲಿ, ಕರಿಹಲಗೆಯಿಂದ ಎರಡು ಮಾರು ಈಚೆ, ಮಾಡಿನಲ್ಲಿ ಒಂದು ಹೆಂಚಿಲ್ಲ. ಮಂಗ ಕಿತ್ತದ್ದು. ಕೊಡಗಿನಲ್ಲಿ ಹೆಂಚಿನ ಮನೆ ಇರುವವರಿಗೆಲ್ಲ ಮಂಗಗಳ ಪರಿಚಯವಿದೆ. ಸೀಬೆಹಣ್ಣು ಸಿಕ್ಕದ ಸಿಟ್ಟನ್ನು ಅವು ಹೆಂಚಿನ ಮೇಲೆ ತೀರಿಸಿಕೊಳ್ಳುತ್ತವೆ. ಮನೆಯಾದರೆ ಏಣಿ ಹಾಕಿ ಹತ್ತಿ, ಹಿತ್ತಲಲ್ಲಿ ಪೇರಿಸಿಟ್ಟ ಹಳೆಯ ಹೆಂಚೊಂದನ್ನು ರೀಪಿನ ಮೇಲೆ ಜಾರಿಸಿ ಇಳಿಯುತ್ತೇವೆ. ಲೋಟದ ಕಾಫಿ ಇನ್ನೂ ಬಿಸಿಯಾಗಿರುತ್ತದೆ. ಆದರೆ ಇದು ಶಾಲೆಯ ಹೆಂಚು. ಇದಕ್ಕೆ ಯಜಮಾನರಿದ್ದಾರೆ, ಅದೂ ಒಬ್ಬಿಬ್ಬರಲ್ಲ.

ಮೊದಲನೆಯ ಯಜಮಾನರು ನಾವೇ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು. ಅಭಿವೃದ್ಧಿಗೆ ನಮ್ಮ ಬಳಿ ಕಾಸಿಲ್ಲದ ಕಾರಣ ಮೇಲುಸ್ತುವಾರಿಯನ್ನಷ್ಟೇ ಮಾಡುತ್ತೇವೆ. ತಿಂಗಳಿಗೊಮ್ಮೆ ಸಭೆ ಸೇರಿ ಎಲ್ಲರೂ ಮೇಲೆ ನೋಡುತ್ತೇವೆ. ಹೆಂಚು ಇಲ್ಲವೆಂದು ಖಚಿತಪಡಿಸಿಕೊಂಡು ನಡಾವಳಿ ಬರೆಯುತ್ತೇವೆ.

ನಡಾವಳಿ ಹಿಡಿದು ಗ್ರಾಮ ಪಂಚಾಯಿತಿಗೆ ಹೋದೆವು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿ ಕೊಟ್ಟಿದೆ. ಅದರಲ್ಲಿ 17ನೆಯದು ಪ್ರಾಥಮಿಕ ಮತ್ತು ಪ್ರೌಢಶಾಲೆಗಳೂ ಸೇರಿದ ಶಿಕ್ಷಣ. ಪಟ್ಟಿಯಲ್ಲಿ ಶಾಲೆ ಇದೆ, ಹೆಂಚು ಇಲ್ಲ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಸಾಹೇಬರು ಸಜ್ಜನರು, ಕುರ್ಚಿ ಕೊಟ್ಟು ವಿವರಿಸಿದರು: "ನರೇಗಾದಲ್ಲಿ 60 ಪಾಲು ಕೂಲಿ, 40 ಪಾಲು ಸಾಮಗ್ರಿ. ಹೆಂಚು ಪೂರ್ತಿ ಸಾಮಗ್ರಿ ನೋಡಿ. ಕಾಂಪೌಂಡ್ ಬೇಕಾದರೆ ಹೇಳಿ, ಮಾಡಿಕೊಡೋಣ." ಹೆಂಚು ಕೇಳಿದ ನಮಗೆ ಕಾಂಪೌಂಡ್ ಸಿಕ್ಕಿತು. ಎರಡನೇ ತಿಂಗಳಿಗೆ ಆನೆ ಅದನ್ನು ಮೂರು ಕಡೆ ಕೆಡವಿತು. ಗೇಟು ಮಾತ್ರ ಹಾಗೇ ಉಳಿದಿದೆ, ಆನೆ ಗೇಟಿನಿಂದ ಬರುವ ಪ್ರಾಣಿಯಲ್ಲ. ಮುಖ್ಯ ಶಿಕ್ಷಕರು ದಿನಾಲೂ ಸಂಜೆ ಆ ಗೇಟಿಗೆ ಬೀಗ ಹಾಕುತ್ತಾರೆ.

ಅಲ್ಲಿಂದ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ. ಅಲ್ಲಿ ಮೊದಲ ಪ್ರಶ್ನೆ, ಹೆಂಚು ಹೋದದ್ದು ಹೇಗೆ ಎಂದು. ಮಳೆಗೆ ಹಾರಿದ್ದರೆ ಅದು ಮಳೆಹಾನಿ, ಅದಕ್ಕೊಂದು ದಾರಿ ಇದೆಯಂತೆ. ಮಂಗ ಕಿತ್ತದ್ದು ಪ್ರಕೃತಿ ವಿಕೋಪವಲ್ಲ. ಮಂಗ ಅರಣ್ಯ ಇಲಾಖೆಗೆ ಸೇರಿದ್ದು. ಅರಣ್ಯ ಇಲಾಖೆ ಬೆಳೆಗೆ ಪರಿಹಾರ ಕೊಡುತ್ತದೆ, ಮೂರನೇ ತರಗತಿ ಬೆಳೆಯಲ್ಲ. "ಗಾಳಿಮಳೆಗೆ ಎಂದು ಬರೆಯಬಾರದಿತ್ತೇ ಮಾಸ್ಟ್ರೇ?" ಎಂದು ಗುಮಾಸ್ತರು ಮರುಕದಿಂದ ಕೇಳಿದರು. ನಮ್ಮ ಮುಖ್ಯ ಶಿಕ್ಷಕರು ಸತ್ಯವಂತರು. ಸರ್ಕಾರಿ ಶಾಲೆ ನಡೆಸುವವರಿಗೆ ಇರಬಾರದ ಗುಣ ಅದು.

ಜಿಲ್ಲಾ ಪಂಚಾಯಿತಿ ಸದಸ್ಯರ ಕೈಯಲ್ಲಿ ಹೇಳಿಸೋಣ ಎಂದು ಯಾರೋ ಅಂದರು. ಒಳ್ಳೆಯ ಉಪಾಯವೇ, ಸದಸ್ಯರು ಇಲ್ಲ ಎಂಬುದೊಂದೇ ತೊಡಕು. 2021ರಲ್ಲಿ ಅವರ ಅವಧಿ ಮುಗಿದ ಮೇಲೆ ಚುನಾವಣೆ ವರ್ಷದಿಂದ ವರ್ಷಕ್ಕೆ ಮುಂದೆ ಹೋಯಿತು. ಹೆಂಚಿಲ್ಲದ ಶಾಲೆಯ ಮೇಲೆ ಸದಸ್ಯರಿಲ್ಲದ ಪಂಚಾಯಿತಿ: ಎರಡೂ ಕಡೆ ಜಾಗ ಖಾಲಿ, ಒಂದರಿಂದ ನೀರು ಬರುತ್ತದೆ, ಇನ್ನೊಂದರಿಂದ ಸುತ್ತೋಲೆ.

ಇದೇ ಕೊಡಗು 1956ರ ನವೆಂಬರ್ ಒಂದರವರೆಗೆ ಒಂದು ರಾಜ್ಯವಾಗಿತ್ತು ಎಂದರೆ ನಮ್ಮ ಶಾಲೆಯ ಮಕ್ಕಳು ನಗುತ್ತಾರೆ. 24 ಜನ ಶಾಸಕರು, ಸಿ.ಎಂ. ಪೂಣಚ್ಚನವರೆಂಬ ಮುಖ್ಯಮಂತ್ರಿ, ಎಲ್ಲವೂ ಇತ್ತು. ಜನಸಂಖ್ಯೆ ಎರಡೂ ಕಾಲು ಲಕ್ಷ, ಅಂದರೆ ಹತ್ತು ಸಾವಿರ ಜನರಿಗೂ ತುಸು ಕಡಿಮೆಗೆ ಒಬ್ಬ ಶಾಸಕ. ಹೆಂಚು ಬಿದ್ದರೆ ಸದ್ದು ಅವರ ಮನೆಗೇ ಕೇಳಿಸುತ್ತಿತ್ತೇನೋ. ಈಗ 2011ರ ಲೆಕ್ಕದಂತೆ ಐದೂವರೆ ಲಕ್ಷ ಜನ, ಶಾಸಕರು ಇಬ್ಬರು.

ಅಂದಾಜು ಪಟ್ಟಿಯ ಕತೆ ಇನ್ನೂ ಸ್ವಾರಸ್ಯ. ಒಂದು ಹೆಂಚಿಗೆ ಅಂದಾಜು ಪಟ್ಟಿ ಮಾಡಲು ಬರುವುದಿಲ್ಲವಂತೆ. ಮಾಡು ಪೂರ್ತಿ ಬಿದ್ದರೆ ಬರುತ್ತದೆ. ಇದು ಲೆಕ್ಕ ತಿಳಿಯದ ಸರ್ಕಾರ ಎಂದು ಮಾತ್ರ ಯಾರೂ ಭಾವಿಸಬಾರದು. ಮಕ್ಕಳಿಗೆ ಕೊಡುವ ಮೊಟ್ಟೆಗೆ ತಲಾ 6 ರೂಪಾಯಿ ಗೊತ್ತು ಮಾಡಿದಾಗ, ಅದರೊಳಗೆ ಸಿಪ್ಪೆ ಸುಲಿಯುವುದಕ್ಕೆಂದೇ 30 ಪೈಸೆ ತೆಗೆದಿಟ್ಟವರು ಇವರು. ಮೊಟ್ಟೆಯ ಮೇಲಿನ ಹೊದಿಕೆ ತೆಗೆಯುವ ದರ ಗೊತ್ತಿದೆ, ಮಕ್ಕಳ ಮೇಲಿನ ಹೊದಿಕೆ ಹಾಕುವ ದರ ಮಾತ್ರ ಗೊತ್ತಿಲ್ಲ.

ಕೊನೆಗೆ ಎಂಜಿನಿಯರ್ ಬಂದರು. ಜನವರಿಯಲ್ಲಿ. ಆಕಾಶ ತೊಳೆದಿಟ್ಟಂತಿತ್ತು, ಹೆಂಚಿಲ್ಲದ ಜಾಗದಿಂದ ಬಿಸಿಲಿನ ಒಂದು ಚೌಕ ಮೂರನೇ ತರಗತಿಯ ನೆಲದ ಮೇಲೆ ಬಿದ್ದಿತ್ತು. ಮಕ್ಕಳು ಅದರಲ್ಲಿ ಕೈ ಒಡ್ಡಿ ನೆರಳಿನ ನಾಯಿ ಮಾಡುತ್ತಿದ್ದರು. "ಪರಿಶೀಲನೆಯ ವೇಳೆ ಸೋರಿಕೆ ಕಂಡುಬಂದಿಲ್ಲ" ಎಂದು ಅವರು ಬರೆದುಕೊಂಡು ಹೋದರು. ಜುಲೈಯಲ್ಲಿ ಬನ್ನಿ ಎಂದು ಕೇಳಿಕೊಂಡೆವು. ಜುಲೈಯಲ್ಲಿ ಮಾಡು ಜಾರುತ್ತದೆ, ಹತ್ತುವುದು ಸುರಕ್ಷಿತವಲ್ಲ ಎಂದರು. ಎರಡು ಮಾತೂ ನಿಜ.

ಆಗಲೇ ನನಗೆ ಈ ವ್ಯವಸ್ಥೆಯ ಒಳಗಿನ ಜಾಣ್ಮೆ ಹೊಳೆದದ್ದು. ನಮ್ಮ ಜಿಲ್ಲೆಯಲ್ಲಿ ಜೋರು ಮಳೆ ಹಿಡಿದರೆ ಶಾಲೆಗೆ ರಜೆ. ಸರ್ಕಾರ ಮಡಿಕೇರಿಯಿಂದ ಮೂಲೆಯ ಹಳ್ಳಿಯವರೆಗೆ ತಪ್ಪದೆ ತಲುಪಿಸುವ ಸೇವೆ ಇದೊಂದೇ, ಮಕ್ಕಳು ಬಸ್ ಹತ್ತಿದ ಮೇಲೆ ತಲುಪುವುದು ಬೇರೆ ಮಾತು. ಮಳೆ ಬಂದಾಗ ಮಾಡು ಸೋರುತ್ತದೆ, ಆದರೆ ಕೆಳಗೆ ಮಕ್ಕಳಿಲ್ಲ. ಮಳೆ ನಿಂತಾಗ ಮಕ್ಕಳಿದ್ದಾರೆ, ಆದರೆ ಮಾಡು ಸೋರುವುದಿಲ್ಲ. ಹಾಗಾದರೆ ಹೆಂಚು ಯಾತಕ್ಕೆ? ನಡುವೆ ರಜೆ ಕೊಡುವಷ್ಟು ಜೋರಿಲ್ಲದ ಜಿಟಿಜಿಟಿ ಮಳೆಯ ದಿನಗಳಿವೆಯಲ್ಲ ಎಂದು ತಕರಾರು ತೆಗೆಯಬಹುದು. ಆ ದಿನಗಳಿಗೆ ಅಡುಗೆಮನೆಯ ಬಕೆಟ್ ಇದೆ. ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಎಂದು 2023ರಲ್ಲಿ ಘೋಷಿಸಿದಾಗಲೂ ನಾವು ಹೀಗೇ ಸಂತೋಷಪಟ್ಟಿದ್ದೆವು: ಮಳೆಗಾಲದಲ್ಲಿ ಬಾರದ ಕರೆಂಟಿಗೆ ಇನ್ನು ಮುಂದೆ ಬಿಲ್ಲೂ ಬರುವುದಿಲ್ಲ.

"ನಮ್ಮ ಶಾಲೆ ನನ್ನ ಜವಾಬ್ದಾರಿ" ಎಂಬ ಸರ್ಕಾರಿ ಕಾರ್ಯಕ್ರಮದ ಹೆಸರನ್ನು ನಿಧಾನವಾಗಿ ಓದಿ. ಶಾಲೆ 'ನಮ್ಮ'ದು, ಬಹುವಚನ. ಜವಾಬ್ದಾರಿ 'ನನ್ನ'ದು, ಏಕವಚನ. ನಮ್ಮೂರಿನಲ್ಲಿ ಆ ಏಕವಚನ ಯಾರೆಂದರೆ ಪಕ್ಕದ ತೋಟದ ಸುಬೇದಾರರು. ಸೈನ್ಯದಿಂದ ನಿವೃತ್ತರಾದವರು, ಇದೇ ಶಾಲೆಯಲ್ಲಿ ಓದಿದವರು. ಕಣದಲ್ಲಿ ಕಾಫಿ ಒಣಗಿಸುವ ಅವರ ನೀಲಿ ಟಾರ್ಪಾಲಿಗೆ ಮಳೆಗಾಲದಲ್ಲಿ ಕೆಲಸವಿಲ್ಲ. ಜೂನ್‌ನಲ್ಲಿ ತಾವೇ ತಂದು, ಆಳುಗಳನ್ನು ಹತ್ತಿಸಿ, ಹಗ್ಗ ಬಿಗಿದು ಹೋದರು. ಅರ್ಜಿ, ನಡಾವಳಿ, ಅಂದಾಜು ಪಟ್ಟಿ ಯಾವುದೂ ಇಲ್ಲದೆ ಮುಕ್ಕಾಲು ಗಂಟೆಯಲ್ಲಿ ಮೂರನೇ ತರಗತಿ ಒಣಗಿತು.

ಆಗಸ್ಟ್‌ನಲ್ಲಿ ಅಧಿಕಾರಿಯೊಬ್ಬರು ತಪಾಸಣೆಗೆ ಬಂದರು. ಮೇಲೆ ನೋಡಿ, ಟಾರ್ಪಾಲು ದಾಸ್ತಾನು ವಹಿಯಲ್ಲಿ ಏಕಿಲ್ಲ ಎಂದು ಗದರಿದರು. ಮುಖ್ಯ ಶಿಕ್ಷಕರು ನಡುಗುವ ಕೈಯಿಂದ ಬರೆದುಕೊಂಡರು: ಟಾರ್ಪಾಲು, ನೀಲಿ, ಒಂದು. ಅದರ ಅಂಚಿಗೆ ಬಿಳಿ ಬಣ್ಣದಲ್ಲಿ ಶಾಲೆಯ ಹೆಸರೂ ಕ್ರಮಸಂಖ್ಯೆಯೂ ಬಿದ್ದವು. ಇಷ್ಟು ಚುರುಕಾಗಿ ನಡೆದ ಕಡತವನ್ನು ನಾನು ಜನ್ಮದಲ್ಲಿ ಕಂಡಿಲ್ಲ.

ಡಿಸೆಂಬರ್‌ನಲ್ಲಿ ಕಾಫಿ ಕೊಯ್ಲು ಶುರುವಾದಾಗ ಸುಬೇದಾರರು ಟಾರ್ಪಾಲು ಕೇಳಲು ಬಂದರು. ಸರ್ಕಾರಿ ಸ್ವತ್ತನ್ನು ಖಾಸಗಿಯವರಿಗೆ ಕೊಡಲು ಅವಕಾಶವಿಲ್ಲ, ವಿಲೇವಾರಿಗೆ ಮೇಲಿನಿಂದ ಅನುಮತಿ ತರಿಸಬೇಕು ಎಂದು ಮುಖ್ಯ ಶಿಕ್ಷಕರು ಕಣ್ಣು ತಪ್ಪಿಸಿ ಹೇಳಿದರು. ಅರ್ಜಿ ಬರೆದುಕೊಡಲು ನಮ್ಮ ಸಮಿತಿ ಸಿದ್ಧವಿತ್ತು. ಸುಬೇದಾರರು ಏನೂ ಮಾತಾಡದೆ ಗೋಣಿಕೊಪ್ಪಲಿಗೆ ಹೋಗಿ ಹೊಸ ಟಾರ್ಪಾಲು ಕೊಂಡು ತಂದರು. ಮಳೆಗಾಲ ಬಂದರೆ ಅದನ್ನು ಮಡಿಸಿ ಮಂಚದ ಅಡಿಗೆ ಇಡುತ್ತಾರಂತೆ.