ಕೇಳದೆ ಹೇಳಿದ ಮಾತಿನ ಬೆಲೆ

ಕಳೆದ ಮಾರ್ಚ್ ತಿಂಗಳ ಸಂಬಳದ ಚೀಟಿಯಲ್ಲಿ ಮೂಲ ವೇತನ ಮತ್ತು ಪಾಳಿ ಭತ್ಯೆಯ ಕೆಳಗೆ ನಾನು ಅದುವರೆಗೆ ಕಂಡಿರದ ಸಾಲೊಂದಿತ್ತು: ಸುಧಾರಣೆಯ ಸಲಹೆಗೆ ಬಹುಮಾನ, 640 ಯೂರೊ. ತೆರಿಗೆ ಕಳೆದು ಕೈಗೆ ಬಂದದ್ದು ಅದಕ್ಕಿಂತ ಕಡಿಮೆ. ಆದರೂ ಆ ಚೀಟಿಯನ್ನು ದೇವರ ಮುಂದಿಟ್ಟು, ಊರಿಗೆ ಫೋನ್ ಮಾಡಿ ಅಮ್ಮನಿಗೆ ಓದಿ ಹೇಳಿದೆ.

ಜರ್ಮನಿಯ ಸ್ಟುಟ್‌ಗಾರ್ಟ್ ಸಮೀಪದ ಎಸ್ಲಿಂಗೆನ್‌ನಲ್ಲಿ, ಯಂತ್ರದ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ನಾನು ಸಿಎನ್‌ಸಿ ಲೇತ್, ಅಂದರೆ ಲೋಹ ಕಡೆಯುವ ಕಂಪ್ಯೂಟರ್ ನಿಯಂತ್ರಿತ ಯಂತ್ರ, ನಡೆಸುತ್ತೇನೆ. ಒಂದು ಜಾಬ್ ಮುಗಿಸಿ ಇನ್ನೊಂದಕ್ಕೆ ಮಷೀನನ್ನು ಅಣಿಗೊಳಿಸುವ ಸೆಟ್ಟಿಂಗ್ ಮಾಡುವಾಗ ಲೋಹದ ತುಂಡನ್ನು ಕಚ್ಚಿ ಹಿಡಿಯುವ ಚಕ್ಕಿನ ಹಿಡಿಗಳಿಗೆಂದು ಒಮ್ಮೆ, ಲೋಹ ಕತ್ತರಿಸುವ ಇನ್ಸರ್ಟುಗಳಿಗೆಂದು ಒಮ್ಮೆ, ಅಳತೆಯ ಗೇಜಿಗೆಂದು ಮತ್ತೊಮ್ಮೆ ಸ್ಟೋರಿಗೆ ಓಡಬೇಕಿತ್ತು. ಅಷ್ಟು ಹೊತ್ತೂ ಮಷೀನು ಸುಮ್ಮನೆ ನಿಂತಿರುತ್ತಿತ್ತು. ಹಿಂದಿನ ಜಾಬ್ ಓಡುತ್ತಿರುವಾಗಲೇ ಮುಂದಿನದಕ್ಕೆ ಬೇಕಾದುದನ್ನೆಲ್ಲ ಒಂದು ತಳ್ಳುಗಾಡಿಯಲ್ಲಿ ಜೋಡಿಸಿಟ್ಟುಕೊಳ್ಳಬಹುದು ಎಂದು ನಾನು ಸಲಹೆಯ ನಮೂನೆಯಲ್ಲಿ ಬರೆದುಕೊಟ್ಟೆ. 50 ನಿಮಿಷದ ಸೆಟ್ಟಿಂಗ್ 25ಕ್ಕೆ ಇಳಿಯಿತು.

ಇದೇ ಗಾಡಿಯ ಮಾತನ್ನು 9 ವರ್ಷಗಳ ಹಿಂದೆ ನಾನು ಬೆಂಗಳೂರಿನ ಪೀಣ್ಯದ ಕಾರ್ಖಾನೆಯಲ್ಲಿ ಆಡಿದ್ದೆ. "ನಿನ್ನ ಮಷೀನು ನೋಡ್ಕೊಳಪ್ಪ ಸಾಕು, ಅಧಿಕಪ್ರಸಂಗ ಬೇಡ" ಎಂದು ಅಂದಿನ ಸೂಪರ್‌ವೈಸರ್ ಎಲ್ಲರೆದುರು ಹೇಳಿದರು. ಎರಡು ತಿಂಗಳ ಬಳಿಕ ಗಾಡಿ ಬಂತು. ಆ ವರ್ಷದ ಆಯುಧಪೂಜೆಯಲ್ಲಿ ಅದಕ್ಕೂ ಕುಂಕುಮ ಹಚ್ಚಿ ಚೆಂಡುಹೂ ಮುಡಿಸಿದ್ದರು. ಯಜಮಾನರು ಆ ಗಾಡಿಯನ್ನು ಮುಟ್ಟಿ ನೋಡಿ ಸೂಪರ್‌ವೈಸರನ್ನು ಹೊಗಳುವಾಗ ಕುಂಬಳಕಾಯಿ ಹಿಡಿದು ನಿಂತಿದ್ದವನು ನಾನು. ಏಪ್ರಿಲ್‌ನಲ್ಲಿ ಎಲ್ಲರಿಗೂ ಆದಂತೆ ನನಗೂ 800 ರೂಪಾಯಿ ಇನ್‌ಕ್ರಿಮೆಂಟ್ ಆಯಿತು.

ಅಧಿಕಪ್ರಸಂಗ ಎಂಬ ಮಾತನ್ನು ನಾವು ಶಾಲೆಗೆ ಸೇರುವ ಮೊದಲೇ ಕೇಳಿರುತ್ತೇವೆ. ಹಿರಿಯರು ಮಾತಾಡುತ್ತಿರುವಾಗ ನಡುವೆ ಬಾಯಿ ಹಾಕಿದವನು ಮನೆಯಲ್ಲಿ ಅಧಿಕಪ್ರಸಂಗಿ. ಕೇಳದೆ ಸಲಹೆ ಕೊಟ್ಟವನು ಕಾರ್ಖಾನೆಯಲ್ಲಿ ಅಧಿಕಪ್ರಸಂಗಿ. "ಒಳ್ಳೇ ಹುಡುಗ, ಎದುರು ಮಾತಾಡಲ್ಲ" ಎನ್ನುವುದೇ ನಮ್ಮಲ್ಲಿ ಬಡ್ತಿಗೆ ಸಲ್ಲುವ ಶಿಫಾರಸು. ಹೀಗೆ ಬಾಯಿ ಮುಚ್ಚಿಸಿಕೊಂಡು ಬೆಳೆದ ಹುಡುಗರನ್ನೇ ಕೊನೆಗೆ "ಇವರಿಗೆ ಸ್ವಂತ ಬುದ್ಧಿಯಿಲ್ಲ" ಎಂದು ಬೈಯುವುದು ನನಗೆ ಇಂದಿಗೂ ಸಹಿಸಲಾಗದ ಅನ್ಯಾಯವಾಗಿ ಕಾಣುತ್ತದೆ.

ಇಲ್ಲಿಯವರು ನಮಗಿಂತ ಉದಾರಿಗಳೆಂದು ನಾನು ಹೇಳುತ್ತಿಲ್ಲ. ಇಲ್ಲಿ ಮಾತು ಕಾಗದಕ್ಕೆ ಇಳಿಯುತ್ತದೆ, ಕಾಗದದ ಮೇಲೆ ಹೆಸರಿರುತ್ತದೆ. ಎಸ್ಸೆನ್ ನಗರದ ಉಕ್ಕಿನ ಉದ್ಯಮಿ ಆಲ್ಫ್ರೆಡ್ ಕ್ರುಪ್ 1872ರಲ್ಲಿ ಹೊರಡಿಸಿದ ನಿಯಮಾವಳಿಯಲ್ಲೇ, ಕೆಲಸಗಾರರ ಸಲಹೆಯನ್ನು ಕೃತಜ್ಞತೆಯಿಂದ ಸ್ವೀಕರಿಸಬೇಕು, ಪರಿಶೀಲಿಸದೆ ತಳ್ಳಿಹಾಕಬಾರದು ಎಂದಿತ್ತು. ನೌಕರರ ಮಂಡಳಿಗಳ ಕುರಿತ ಜರ್ಮನಿಯ 1972ರ ಕಾಯ್ದೆಯ ಪ್ರಕಾರ ಸಲಹೆ ಪದ್ಧತಿಯ ನಿಯಮಗಳನ್ನು ರೂಪಿಸುವಾಗ ನೌಕರರು ಆರಿಸಿದ ಮಂಡಳಿಗೂ ಅದರಲ್ಲಿ ಪಾಲಿದೆ. ತನ್ನ ಸಂಬಳದ ಲೆಕ್ಕವನ್ನೂ ಮುಂದಿನ ಬೆಳವಣಿಗೆಯ ದಾರಿಯನ್ನೂ ವಿವರಿಸಿ ಎಂದು ಕೇಳುವ ಹಕ್ಕು ಪ್ರತಿ ನೌಕರನಿಗಿದೆ, ಆ ಮಾತುಕತೆಗೆ ಮಂಡಳಿಯ ಸದಸ್ಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಲೂಬಹುದು.

ಮೊದಲ ವಾರ್ಷಿಕ ಮಾತುಕತೆಯಲ್ಲಿ "ಮುಂದೆ ಏನಾಗಬೇಕೆಂದಿದ್ದೀರಿ?" ಎಂದು ಮೇಲಧಿಕಾರಿ ಕೇಳಿದಾಗ "ತಾವು ಹೇಳಿದಂತೆ" ಎಂದುಬಿಟ್ಟಿದ್ದೆ. ಅವರು ಪೆನ್ನು ಕೆಳಗಿಟ್ಟು ನಾನು ಮತ್ತೆ ಬಾಯಿ ತೆರೆಯುವವರೆಗೆ ಕಾದರು. ಗಾಡಿಯ ಬಳಿಕ ಮಂಡಳಿಯ ಸದಸ್ಯರೊಬ್ಬರು ನನ್ನನ್ನು ಕರೆದು, ನೀನೀಗ ಮೂರು ಮಷೀನುಗಳ ಸೆಟ್ಟಿಂಗ್ ಮಾಡುತ್ತಿದ್ದೀಯೆ, ಅದು ಮೇಲಿನ ದರ್ಜೆಯ ಕೆಲಸ, ಬರೆದು ಕೇಳು ಎಂದರು. ಈ ರಾಜ್ಯದ ಲೋಹ ಉದ್ಯಮದ ವೇತನ ಒಪ್ಪಂದದಲ್ಲಿ 17 ದರ್ಜೆಗಳಿವೆ. ಯಾವ ದರ್ಜೆಗೆ ಎಷ್ಟು ಸಂಬಳ ಎಂಬುದು ಎಲ್ಲರಿಗೂ ತಿಳಿದಿರುತ್ತದೆ, ದರ್ಜೆ ನಿಲ್ಲುವುದು ವಹಿಸಿದ ಕೆಲಸದ ಮೇಲೆಯೇ ಹೊರತು ಸೇವೆಯ ವರ್ಷಗಳ ಮೇಲಲ್ಲ. ನಾನು ಮಾಡುವ ಕೆಲಸಗಳನ್ನೆಲ್ಲ ಬರೆದುಕೊಟ್ಟೆ. 5 ತಿಂಗಳು ಹಿಡಿಯಿತು, ಒಂದು ದರ್ಜೆ ಮೇಲೇರಿದೆ.

ಇನ್ನು ಒಪ್ಪಿಕೊಳ್ಳಲೇಬೇಕಾದ ಮಾತುಗಳೂ ಇವೆ. ಇಲ್ಲಿ ಮೈಸ್ಟರ್, ಅಂದರೆ ಕೆಲಸಗಾರರ ಮೇಲ್ವಿಚಾರಕ, ಆಗಬೇಕಾದರೆ ಪರೀಕ್ಷೆ ಪಾಸಾಗಬೇಕು, ಎಷ್ಟು ಚುರುಕಿದ್ದರೂ ಕಾಗದವಿಲ್ಲದೆ ಆ ಬಾಗಿಲು ತೆರೆಯದು. ನನ್ನ ಪಕ್ಕದ ಮಷೀನಿನಲ್ಲಿ 20 ವರ್ಷದಿಂದ ದುಡಿಯುತ್ತಿರುವ ತುರ್ಕಿ ಮೂಲದವರು ನನಗಿಂತ ಹೆಚ್ಚು ಬಲ್ಲವರು, ಆದರೆ ಜರ್ಮನ್ ಬರೆಯಲು ಹಿಂಜರಿಯುವುದರಿಂದ ಅವರ ಯಾವ ಸಲಹೆಯೂ ನಮೂನೆಯ ತನಕ ಬಂದಿಲ್ಲ. ಪೀಣ್ಯದಲ್ಲಿ, ಟೂಲ್ ಸವೆದಿರುವುದನ್ನು ಸದ್ದಿನಿಂದಲೇ ಗುರುತಿಸುವುದನ್ನು ನನಗೆ ಕಲಿಸಿದ ಹಿರಿಯ ಟರ್ನರ್ ಓದಿದ್ದು 7ನೇ ತರಗತಿ. ಅವರನ್ನು ಫೋರ್‌ಮನ್ ಮಾಡುವಾಗ ಯಜಮಾನರು ಯಾವ ಪ್ರಮಾಣಪತ್ರವನ್ನೂ ಕೇಳಲಿಲ್ಲ. ಅಮ್ಮನ ಆಪರೇಷನ್ನಿಗೆ ಅದೇ ಯಜಮಾನರು 40,000 ರೂಪಾಯಿಯನ್ನು ಒಂದು ಸಹಿಯೂ ಇಲ್ಲದೆ ಕೈಗಿಟ್ಟಿದ್ದರು. ಇಲ್ಲಿ ಅಂಥದ್ದನ್ನು ನಾನು ಯಾರ ಬಳಿಯೂ ಕೇಳಲಾರೆ.

ಕಳೆದ ಆಯುಧಪೂಜೆಗೆ ಗೆಳೆಯ ಕಳಿಸಿದ ಫೋಟೋದಲ್ಲಿ ಆ ಗಾಡಿ ಇನ್ನೂ ಇತ್ತು, ಹೊಸ ನೀಲಿ ಬಣ್ಣ ಬಳಿದಿದ್ದರು. ಈಗ ಅಲ್ಲಿ ಅವನೇ ಸೂಪರ್‌ವೈಸರ್. ಹುಡುಗರಲ್ಲಿ ಯಾರಾದರೂ ಹೊಸದೇನಾದರೂ ಹೇಳಿದರೆ ಶಿಫ್ಟ್ ಪುಸ್ತಕದಲ್ಲಿ ಹಾಗೆ ಹೇಳಿದವನ ಹೆಸರು, ತಾರೀಕು ಬರೆದು ಯಜಮಾನರಿಗೆ ತೋರಿಸು ಎಂದು ಅವನಿಗೆ ಹೇಳಿದ್ದೇನೆ.